ಚಿಟ್ಟಿ ಬ್ಯಾಂಗ್ ಬ್ಯಾಂಗ್ ಕಾರಿನ ಒಡೆಯ

ಪ್ರಶ್ನೆ: ಮಗಳ ಜೊತೆ ‘ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್’ ಸಿನಿಮಾ ನೋಡಿದೆ. ಆ ಹೆಸರಿನ ಕಾರು ನಿಜಕ್ಕೂ ಇತ್ತಂತೆ. ಅದರ ಒಡೆಯ ಭಾರಿ ಶ್ರೀಮಂತ, ಅಪ್ಪನ ಕಫ್‌ಲಿಂಕ್ ಹಾಕಿಕೊಂಡು ರೇಸಿಗೆ ಹೋಗಿ ಸತ್ತ ಅಂತಲೂ ಕೇಳಿದೆ. ನಿಜಾನಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕಾರು ನಿಜ, ಶ್ರೀಮಂತಿಕೆಯೂ ನಿಜ. ಕಫ್‌ಲಿಂಕ್ (ಅಂಗಿ ತೋಳಿನ ತುದಿಗೆ ಹಾಕುವ ಅಲಂಕಾರದ ಗುಂಡಿ) ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಡೆಯನ ಹೆಸರು ಕೌಂಟ್ ಲೂಯಿ ಝ್ಬೊರೊವ್‌ಸ್ಕಿ. ಹುಟ್ಟಿದ್ದು 1895ರಲ್ಲಿ. ತಾಯಿ ಅಮೆರಿಕದ ಆಸ್ಟರ್ ಮನೆತನದವರು. ಅವರು 1911ರಲ್ಲಿ ತೀರಿಕೊಂಡಾಗ ಹದಿನಾರರ ಹುಡುಗನ ಕೈಗೆ ನ್ಯೂಯಾರ್ಕಿನ ಮ್ಯಾನ್‌ಹಟನ್‌ನ ಜಾಗಗಳೂ ಸೇರಿ ಲೆಕ್ಕವಿಲ್ಲದಷ್ಟು ಆಸ್ತಿ ಬಂತು. ಇನ್ನೊಬ್ಬನಾಗಿದ್ದರೆ ಕೂತು ತಿನ್ನುತ್ತಿದ್ದ. ಈತ ಎಂಜಿನ್‌ಗಳಿಗೆ ಸುರಿದ.

ಇಂಗ್ಲೆಂಡಿನ ಕ್ಯಾಂಟರ್ಬರಿ ಹತ್ತಿರ ಹೈಯಮ್ ಪಾರ್ಕ್ ಅನ್ನುವ ಬಂಗಲೆ ಇತ್ತು. ಅಲ್ಲಿ ಎಂಜಿನಿಯರ್ ಕ್ಲೈವ್ ಗ್ಯಾಲಪ್ ಜೊತೆ ಸೇರಿ ಮೊದಲ ಚಿಟ್ಟಿಯನ್ನು ಕಟ್ಟಿದ. ಆಗಷ್ಟೇ ಮೊದಲನೇ ಮಹಾಯುದ್ಧ ಮುಗಿದಿತ್ತು, ವಿಮಾನದ ಎಂಜಿನ್‌ಗಳು ಕೆಲಸವಿಲ್ಲದೆ ಬಿದ್ದಿದ್ದವು. ಈತ ಹಳೇ ಮರ್ಸಿಡಿಸ್ ಕಾರಿನ ಚಾಸಿಸ್ (ಅಡಿಚೌಕಟ್ಟು) ಹಿಡಿದು ಅದರ ಮೇಲೆ 23 ಲೀಟರಿನ ಮೇಬ್ಯಾಕ್ ವಿಮಾನ ಎಂಜಿನ್ ಕೂರಿಸಿದ. ಆರು ಸಿಲಿಂಡರ್, ಒಂದೊಂದೂ ಹತ್ತಿರ ಹತ್ತಿರ ನಾಲ್ಕು ಲೀಟರ್! ನಮ್ಮ ಸ್ವಿಫ್ಟ್ ಕಾರಿನ ಇಡೀ ಎಂಜಿನ್ನೇ 1.2 ಲೀಟರ್, ಅಲ್ವಾ? ಹಿಂದಿನ ಚಕ್ರಗಳು ತಿರುಗುತ್ತಿದ್ದದ್ದು ಬೈಕಿನ ಹಾಗೆ ಚೈನಿನಿಂದ. 1921ರ ಈಸ್ಟರ್‌ನಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿಗೆ ಇಳಿದ ಮೊದಲ ದಿನವೇ ಈ ದೈತ್ಯ ಗಂಟೆಗೆ 160 ಕಿಲೋಮೀಟರ್ ದಾಟಿ ಗೆದ್ದಿತು. ಸಿನಿಮಾದ ಕಾರಿನ ಹಾಗೆ ಹಾರಲಂತೂ ಇಲ್ಲ. ಮುಂದೆ ಜೇಮ್ಸ್ ಬಾಂಡ್ ಖ್ಯಾತಿಯ ಇಯಾನ್ ಫ್ಲೆಮಿಂಗ್ ತಮ್ಮ ಮಕ್ಕಳ ಕತೆಗೆ ಈ ಹೆಸರು ತೆಗೆದುಕೊಂಡರು, ಸಿನಿಮಾ ಬಂದದ್ದು ಅದರಿಂದ.

ಆಸ್ಟನ್ ಮಾರ್ಟಿನ್ ಕಂಪನಿ ಆಗಿನ್ನೂ ಎಳೆಗೂಸು. ಅದಕ್ಕೂ ಈತನೇ ದುಡ್ಡು ಹಾಕಿ, ಅದರ ಕಾರನ್ನು 1922ರ ಫ್ರೆಂಚ್ ಗ್ರಾಂಪ್ರೀ ರೇಸಿನಲ್ಲಿ ಓಡಿಸಿದ. ಮರುವರ್ಷ ಬುಗಾಟಿ ಹಿಡಿದು ಅಮೆರಿಕದ ಇಂಡಿಯಾನಾಪೊಲಿಸ್ ರೇಸಿಗೂ ಹೋದ, ಅಲ್ಲಿ ಓಟ ಮುಗಿಸಲಾಗಲಿಲ್ಲ.

ಈಗ ಕಫ್‌ಲಿಂಕ್. ಅಪ್ಪ ಎಲಿಯಟ್ ಕೂಡ ರೇಸರ್. 1903ರಲ್ಲಿ ಫ್ರಾನ್ಸಿನ ಲಾ ಟರ್ಬಿ ಗುಡ್ಡ ಏರುವ ರೇಸಿನಲ್ಲಿ ಮರ್ಸಿಡಿಸ್ ಬಂಡೆಗೆ ಬಡಿದು ಸತ್ತರು. ಅಂಗಿಯ ಕಫ್‌ಲಿಂಕ್ ಕೈ ಥ್ರಾಟಲ್‌ಗೆ, ಅಂದರೆ ಕೈಯಿಂದಲೇ ವೇಗ ಹೆಚ್ಚಿಸುವ ಹಿಡಿಗೆ, ಸಿಕ್ಕಿಕೊಂಡಿತಂತೆ. ಮಗ ಸತ್ತದ್ದು 1924ರ ಅಕ್ಟೋಬರ್ 19ರಂದು, ಇಟಲಿಯ ಮಾನ್ಝಾದಲ್ಲಿ. ಆಗಲೂ ಮರ್ಸಿಡಿಸ್. ವಯಸ್ಸು ಬರೀ 29. ಅದೇ ಕಫ್‌ಲಿಂಕ್ ಹಾಕಿದ್ದ ಅನ್ನುವುದು ಬಾಯಿಂದ ಬಾಯಿಗೆ ಬಂದ ಮಾತು, ನಾನಂತೂ ಅದಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ. ಕಾರು ಟ್ರ್ಯಾಕ್ ಬಿಟ್ಟು ಮರಕ್ಕೆ ಗುದ್ದಿತು. ಸೀಟ್ ಬೆಲ್ಟ್ ಇಲ್ಲ, ಗಟ್ಟಿ ಹೆಲ್ಮೆಟ್ ಇಲ್ಲ. ಕೈಯಲ್ಲಿ ಏನಿದ್ದರೂ ಮರ ಅಲ್ಲೇ ಇರುತ್ತಿತ್ತು.

ಮಗಳಿಗೆ ಹೇಳಲು ಇನ್ನೊಂದಿದೆ. ಈತನಿಗೆ ಪುಟಾಣಿ ರೈಲಿನ ಹುಚ್ಚೂ ಇತ್ತು. ಸಾಯುವ ಮುಂಚೆ 15 ಇಂಚು ಅಗಲದ ಹಳಿಗೆ ಎರಡು ಉಗಿ ಎಂಜಿನ್ ಮಾಡಿಸಲು ಹೇಳಿದ್ದ. ಗೆಳೆಯ ಹೋವಿ ಅವನ್ನು ಕೊಂಡು 1927ರಲ್ಲಿ ಕೆಂಟ್‌ನ ಕಡಲ ದಂಡೆಯಲ್ಲಿ ರೈಲು ಶುರು ಮಾಡಿದರು. ಇವತ್ತೂ ಟಿಕೆಟ್ ತಗೊಂಡು ಕೂರಬಹುದು.