ಹೆಂಡತಿ ಜರ್ಮನ್, ನಾನು ಕನ್ನಡದವನು, ಮಗುಗೆ ಎರಡೂ ಮನೆಗೆ ಒಗ್ಗೋ ಹೆಸರು ಹುಡುಕೋದು ಹೇಗೆ?

ಡೆಲಿವರಿಗೆ ಇನ್ನೆರಡು ತಿಂಗಳಿದೆ, ಎರಡೂ ಕಡೆಯವರಿಗೆ ಹಿಡಿಸೋ ಒಂದೇ ಒಂದು ಹೆಸರು ಸಿಗ್ತಿಲ್ಲ ಅಂತ ಬರ್ದಿದೀರಿ. ನಾನು ಶಿವಮೊಗ್ಗ ಕಡೆಯವನು, ಹೆಂಡತಿ ಸ್ಟುಟ್‌ಗಾರ್ಟ್ ಹತ್ರದೋಳು, ಮಗಳಿಗೆ ಈಗ ನಾಲ್ಕು ವರ್ಷ. ನಾವೂ ಐದಾರು ತಿಂಗಳು ಇದೇ ಪಾಡು ಪಟ್ಟಿದೀವಿ. ನನ್ನ ಕೇಳಿದ್ರೆ ಮೊದಲು ಆ "ಒಂದೇ ಹೆಸರು" ಅನ್ನೋ ಹಠ ಬಿಡಿ. ಕರೆಯೋ ಹೆಸರು ಒಂದು ಇಬ್ರು ಅಜ್ಜಿಯರ ಬಾಯಲ್ಲೂ ಸರಿಯಾಗಿ ಬರ್ಬೇಕು ಅಷ್ಟೇ, ಬೇರೆ ಆಸೆಗಳಿಗೆಲ್ಲ ಬೇರೆ ಜಾಗ ಇದೆ, ಕೆಳಗೆ ಹೇಳ್ತೀನಿ.

ನಾವು ಲಿಸ್ಟ್ ಮಾಡಿ ಫ್ರಿಜ್ ಬಾಗಿಲಿಗೆ ಅಂಟಿಸಿದ್ವಿ. ನಾನು ಬರೆದ ಮೊದಲನೇ ಹೆಸರು ಉಮಾ. ಜರ್ಮನೀಲಿ ಅಜ್ಜೀನ ಓಮಾ ಅಂತ ಕರೀತಾರೆ, ತೊಟ್ಟಿಲಲ್ಲಿರೋ ಕೂಸಿಗೆ ಅಜ್ಜಿ ಅಂದಂಗೆ ಕೇಳ್ಸುತ್ತೆ ಅಂದ್ಳು ಹೆಂಡತಿ. ಸರಿ, ಲೀಲಾ? ಲೀಲಾ ಅಂದ್ರೆ ಜರ್ಮನ್‌ನಲ್ಲಿ ನೇರಳೆ ಬಣ್ಣ, ಉಚ್ಚಾರಣೆ ಕೂಡ ಅದೇ. ಆಮೇಲೆ ಇಂಗ್ಲಿಷ್ ಸ್ಪೆಲಿಂಗ್ ತಲೆನೋವು. ಅಲ್ಲಿ ಜೆ ಅಕ್ಷರಾನ "ಯ" ಅಂತ ಓದ್ತಾರೆ, ಎರಡು ಓ ಬಂದ್ರೆ "ಊ" ಅಲ್ಲ "ಓ" ಅಂತ ಓದ್ತಾರೆ, ಹಾಗಾಗಿ ನಾವು ಬರೆಯೋ ಥರಾನೇ ಪೂಜಾ ಅಂತ ಬರೆದು ಅತ್ತೆ ಕೈಗೆ ಕೊಟ್ರೆ ಅವರು "ಪೋಯಾ" ಅಂದ್ರು, ಜಯಾ ಹೋಗಿ "ಯಾಯಾ" ಆಯ್ತು. ಅವತ್ತಿಂದ ಪ್ರತಿ ಹೆಸರನ್ನೂ ಒಂದು ಚೀಟೀಲಿ ಬರೆದು, ಏನೂ ಹೇಳ್ದೆ ಅತ್ತೆ ಕೈಗೆ ಕೊಟ್ಟು ಓದ್ಸೋದು ಅಂತ ಮಾಡ್ಕೊಂಡ್ವಿ. ನೀವೂ ಇದನ್ನ ಖಂಡಿತ ಮಾಡಿ, ನಮ್ಮ ಲಿಸ್ಟಲ್ಲಿ ಅರ್ಧಕ್ಕರ್ಧ ಅಲ್ಲೇ ತೀರ್ಮಾನ ಆಗೋಯ್ತು.

ನಮ್ಮ ಕಡೆಯಿಂದಲೂ ಇಂಥದ್ದೇ ತೊಂದರೆ ಇದೆ ಅನ್ನೋದು ಆಮೇಲೆ ಗೊತ್ತಾಗಿದ್ದು. ಅಲ್ಲಿ ಗಂಡುಮಕ್ಕಳಿಗೆ ಕೈ ಅಂತ ಹೆಸರಿಡ್ತಾರೆ, ನಮಗೆ ಅದು ಕೈಕಾಲಿನ ಕೈ. ಆನಾ ಅನ್ನೋದನ್ನ ನಮ್ಮೂರಲ್ಲಿ ಒಬ್ರು ಅಣ್ಣ ಅಂತಾರೆ ಇನ್ನೊಬ್ರು ಅನ್ನ ಅಂತಾರೆ. ನಮ್ಮನೇಲಿ ನಿಜವಾಗ್ಲೂ ಕಷ್ಟ ಆಗಿದ್ದು ಎಮ್ಮಾ ಅನ್ನೋ ಹೆಸರಿಂದ. ಅದು ಅತ್ತೆಯ ತಾಯಿ ಹೆಸರು, ಯುದ್ಧ ಮುಗಿದ್ಮೇಲೆ ಒಬ್ರೇ ಮೂರು ಮಕ್ಕಳನ್ನ ಸಾಕಿದೋರು, ಅತ್ತೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ನಾನು ಊರಿಗೆ ಫೋನ್ ಮಾಡಿ ಹೇಳ್ದಾಗ ಅಮ್ಮ "ಎಮ್ಮೆ ಅಂತನಾ?" ಅಂದು ಸುಮ್ಮನಾದ್ರು. ನನಗೆ ಹೆಂಡತಿ ಮುಖ ನೋಡೋಕೇ ಆಗ್ಲಿಲ್ಲ. ಆದ್ರೆ ಆ ಅಜ್ಜಿ ಕಥೆ ಪೂರ್ತಿ ಹೇಳಿದ್ಮೇಲೆ ಅಮ್ಮಾನೇ ಎರಡು ದಿನ ಬಿಟ್ಟು ಫೋನ್ ಮಾಡಿ "ದೀರ್ಘ ಎಳೆದ್ರೆ ಅಮ್ಮಾ ಅಂದಂಗೇ ಕೇಳುತ್ತೆ ಕಣೋ, ಇಡಿ" ಅಂದ್ರು.

ಈಗ ಜಾಗದ ವಿಷಯ. ನಮ್ಮ ಶಾಸ್ತ್ರದಲ್ಲೇ ಒಂದು ಮಗುಗೆ ಒಂದೇ ಹೆಸರಲ್ಲ ಅಲ್ವಾ, ಮಾಸನಾಮ, ನಕ್ಷತ್ರನಾಮ, ದೇವತಾನಾಮ, ಆಮೇಲೆ ಕರೆಯೋಕೆ ವ್ಯಾವಹಾರಿಕ ನಾಮ. ಇದನ್ನ ಹೆಂಡತಿಗೆ ವಿವರಿಸ್ದಾಗ ಅವಳು "ನಮ್ಮಲ್ಲೂ ಎರಡು ಮೂರು ಹೆಸರು ಇಟ್ಟು ಒಂದರಿಂದ ಕರೀತಾರಲ್ಲ, ಅದೇ ತಾನೇ" ಅಂದ್ಳು. ಅಲ್ಲಿಗೆ ಗಂಟು ಬಿಚ್ಚಿತು ಅನ್ನಿ. ಮಗಳದ್ದು ಆರ್ದ್ರಾ ನಕ್ಷತ್ರ ಮೊದಲನೇ ಪಾದ, ಅಕ್ಷರ "ಕು", ಹಾಗಾಗಿ ನಕ್ಷತ್ರಕ್ಕೆ ಕುಮುದಾ (ಅದೇ ನಕ್ಷತ್ರದ ಮೂರನೇ ಪಾದಕ್ಕೆ "ಙ" ಬರುತ್ತೆ, ಅದ್ರಲ್ಲಿ ಹುಟ್ಟಿದ ಮಕ್ಕಳ ಅಪ್ಪ ಅಮ್ಮ ಏನು ಮಾಡ್ತಾರೋ ಪಾಪ). ಅಮ್ಮನ ಆಸೆಗೆ ಶಾರದಾ, ಅತ್ತೆ ಆಸೆಗೆ ಎಮ್ಮಾ, ಕರೆಯೋಕೆ ಮೀರಾ. ಕುಮುದಾ ದೇವಸ್ಥಾನದ ಸಂಕಲ್ಪಕ್ಕೆ ಮಾತ್ರ, ಮಿಕ್ಕ ಮೂರೂ ಸರ್ಟಿಫಿಕೇಟಲ್ಲಿದೆ. ಮೀರಾ ಬರೆಯುವಾಗ ಎರಡು ಇ ಹಾಕ್ಬೇಡಿ, "ಮೇರಾ" ಅಂತ ಓದ್ತಾರೆ, ಒಂದೇ ಐ ಸಾಕು.

ಆಫೀಸ್ ಕೆಲಸ ಬೇಗ ಹೇಳ್ಬಿಡ್ತೀನಿ. ಜನನ ನೋಂದಣಿ ಮಾಡೋ ಕಚೇರಿಗೆ ಸ್ಟಾಂಡೆಸ್‌ಆಮ್ಟ್ ಅಂತಾರೆ, ಒಂದು ವಾರದೊಳಗೆ ಮಗು ಹುಟ್ಟಿದ್ದು ತಿಳಿಸ್ಬೇಕು, ಹೆಸರು ಗಟ್ಟಿಯಾಗಿಲ್ಲ ಅಂದ್ರೆ ಅದನ್ನ ಒಂದು ತಿಂಗಳೊಳಗೆ ಕೊಡಬಹುದು, ಅಂದ್ರೆ ಹನ್ನೊಂದು ಹನ್ನೆರಡನೇ ದಿನದ ನಾಮಕರಣಕ್ಕೆ ಟೈಮ್ ಇದೆ, ಆಸ್ಪತ್ರೇಲಿ ಫಾರ್ಮ್ ಹಿಡ್ಕೊಂಡು ಬಂದಾಗ ಗಾಬರಿ ಬೀಳ್ಬೇಡಿ. ಹೆಸರುಗಳ ಕ್ರಮ ಆಮೇಲೆ ಬದಲಾಯಿಸೋಕೂ 2018ರಿಂದ ಅವಕಾಶ ಇದೆ. ಸರ್‌ನೇಮ್ ನಮ್ಮಂಥ ಇನಿಷಿಯಲ್ ಜನಕ್ಕೆ ದೊಡ್ಡ ಗೊಂದಲ, ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗದಲ್ಲಿರೋದು ನಮ್ಮಪ್ಪನ ಹೆಸರು, ಅದಕ್ಕೆ ಮಗಳಿಗೆ ಹೆಂಡತಿ ಸರ್‌ನೇಮೇ ಕೊಟ್ವಿ. 2025ರ ಮೇ 1ರಿಂದ ಅಪ್ಪ ಅಮ್ಮ ಇಬ್ರದ್ದೂ ಸೇರಿಸಿ ಜೋಡಿ ಸರ್‌ನೇಮ್ ಇಡಬಹುದು, ನಿಮಗೆ ಆ ಅನುಕೂಲ ಇದೆ.

ಇನ್ನೊಂದು, ಹುಡುಗನ ಹೆಸರೋ ಹುಡುಗಿ ಹೆಸರೋ ಗೊತ್ತಾಗಲ್ಲ ಅಂತ ಯಾರಾದ್ರೂ ತಕರಾರು ತೆಗೆದ್ರೆ ಹೆದರ್ಬೇಡಿ. ಭಾರತ ಮೂಲದ ಅಪ್ಪ, ಜರ್ಮನ್ ಅಮ್ಮ, ಮಗಳಿಗೆ ಕಿರಣ್ ಅಂತ ಇಡೋಕೆ ಹೋದಾಗ ಕಚೇರಿಯವರು ಒಪ್ಪಿರಲಿಲ್ಲ, ಕೇಸು ಅಲ್ಲಿನ ಸಂವಿಧಾನ ನ್ಯಾಯಾಲಯದ ತನಕ ಹೋಯ್ತು, 2008ರ ಡಿಸೆಂಬರಲ್ಲಿ ಅಪ್ಪ ಅಮ್ಮನ ಪರವಾಗೇ ತೀರ್ಪು ಬಂತು. ಆದ್ರೂ ಗಂಡುಮಗುಗೆ ಕೃಷ್ಣ, ಸೂರ್ಯ ಥರ "ಅ"ಕಾರದಲ್ಲಿ ಮುಗಿಯೋ ಹೆಸರಿಟ್ರೆ ಅಲ್ಲಿ ಸುಮಾರು ಜನ ಹುಡುಗಿ ಅಂದ್ಕೊಳ್ತಾರೆ, ನಿಮಗೆ ಪರವಾಗಿಲ್ಲ ಅಂದ್ರೆ ಧೈರ್ಯವಾಗಿ ಇಡಿ.

ನಾಮಕರಣ ಅಲ್ಲೇ ಮನೇಲಿ ಮಾಡಿದ್ವಿ. ಸೋದರತ್ತೆ ಕಿವೀಲಿ ಹೆಸರು ಹೇಳ್ಬೇಕು, ಅಕ್ಕ ಇರೋದು ಶಿವಮೊಗ್ಗದಲ್ಲಿ, ಅತ್ತೆಯೇ ಫೋನ್ ಹಿಡಿದು ಮಗು ಕಿವಿ ಹತ್ರ ತಂದ್ರು, ಅಕ್ಕ ಮೂರು ಸಲ ಮೀರಾ ಅಂದ್ಳು. ನಾನು ತಟ್ಟೇಲಿ ಅಕ್ಕಿ ಹರಡಿ ಉಂಗುರದಲ್ಲಿ ಕುಮುದಾ, ಶಾರದಾ, ಮೀರಾ ಅಂತ ಬರೆದೆ. ಅತ್ತೆ ಬಗ್ಗಿ ನೋಡಿ "ಇದ್ರಲ್ಲಿ ಎಮ್ಮಾ ಯಾವುದು?" ಅಂದ್ರು. ನಾನು ಬರೆದೇ ಇರ್ಲಿಲ್ಲ. ಉಂಗುರ ಅವರ ಕೈಗೆ ಕೊಟ್ಟೆ, ತಟ್ಟೆಯ ಮೂಲೇಲಿ ನಿಧಾನಕ್ಕೆ, ಅಕ್ಕಿ ಕಾಳು ಪಕ್ಕಕ್ಕೆ ಸರಿಸ್ತಾ ಸರಿಸ್ತಾ, ಅವರಮ್ಮನ ಹೆಸರು ಬರೆದ್ರು. ಕಣ್ಣು ಒರೆಸ್ಕೊಂಡು ಇನ್ನೊಂದ್ಸಲ ತಿದ್ದಿದ್ರು. ಫೋನಲ್ಲಿ ನಮ್ಮಮ್ಮ "ಏನು ಬರೆದ್ರೋ, ತೋರ್ಸೋ" ಅಂತಿದ್ರು.

ಆ ಅಕ್ಕೀಲೇ ಅವತ್ತು ಪಾಯಸ ಮಾಡಿದ್ವಿ.