ಓದುಗರ ಪ್ರಶ್ನೆ, ವೈದ್ಯರ ಉತ್ತರ: ನೆಗಡಿ, ಫ್ಲೂ ತಾನಾಗಿ ವಾಸಿಯಾಗುವ ಬಗೆ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ನೆಗಡಿ, ಜ್ವರ ಮತ್ತು ಕೆಮ್ಮಿನ ಕುರಿತಾಗಿದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ನೆಗಡಿಗೆ ಔಷಧವಿಲ್ಲ ಎಂದು ವೈದ್ಯರೇ ಹೇಳುತ್ತಾರೆ. ಆದರೂ ಅದು ವಾರದೊಳಗೆ ಹೊರಟುಹೋಗುತ್ತದೆ. ಹಾಗಿದ್ದರೆ ಅದನ್ನು ವಾಸಿ ಮಾಡುವುದು ಯಾವುದು? ಆ ಒಂದು ವಾರ ದೇಹದೊಳಗೆ ಏನು ನಡೆಯುತ್ತದೆ?

ಉತ್ತರ: ನೆಗಡಿ ತರಬಲ್ಲ ವೈರಸ್‌ಗಳು 200ಕ್ಕೂ ಹೆಚ್ಚು ಬಗೆಯವು. ಅವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ರೈನೋವೈರಸ್. ದೇಹದ ಒಳಭಾಗದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಇದ್ದರೆ, ಹೊರಗಿನ ಗಾಳಿ ಸದಾ ಓಡಾಡುವ ಮೂಗಿನೊಳಗೆ ಅದು 33ರಿಂದ 35 ಡಿಗ್ರಿಯಷ್ಟೇ ಇರುತ್ತದೆ. ರೈನೋವೈರಸ್ ಚೆನ್ನಾಗಿ ಬೆಳೆಯುವುದು ಆ ತಂಪಿನಲ್ಲಿಯೇ. ಮೂಗಿನ ಒಳಪದರದ ಮೇಲೆ ತೆಳುವಾದ ಲೋಳೆಯ ಹೊದಿಕೆಯಿದೆ. ಅದರ ಕೆಳಗಿರುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಎಡೆಬಿಡದೆ ಬೀಸುತ್ತ ಆ ಲೋಳೆಯನ್ನು ಗಂಟಲಿನ ಕಡೆಗೆ ಸಾಗಿಸುತ್ತವೆ. ಉಸಿರಿನೊಡನೆ ಬಂದ ಧೂಳೂ ರೋಗಾಣುಗಳೂ ಲೋಳೆಗೆ ಅಂಟಿಕೊಳ್ಳುತ್ತವೆ, ನಮಗೆ ಅರಿವಿಲ್ಲದೆಯೇ ಅವುಗಳನ್ನು ನುಂಗುತ್ತೇವೆ, ಹೊಟ್ಟೆಯ ಆಮ್ಲ ಉಳಿದ ಕೆಲಸ ಮುಗಿಸುತ್ತದೆ. ಮೂಗಿಗೆ ಬಂದ ವೈರಸ್‌ಗಳಲ್ಲಿ ಎಷ್ಟೋ ಹೀಗೆ ಸದ್ದಿಲ್ಲದೆ ಹೋಗಿಬಿಡುತ್ತವೆ.

ಈ ಕಾವಲನ್ನು ದಾಟಿ ಜೀವಕೋಶದೊಳಗೆ ಹೊಕ್ಕ ವೈರಸ್ ಅಲ್ಲಿ ತನ್ನ ಸಂತತಿಯನ್ನು ಬೆಳೆಸತೊಡಗುತ್ತದೆ. ಆಗ ಸೋಂಕು ತಗುಲಿದ ಕೋಶವು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅದು ತಾಗಿದ ನೆರೆಯ ಕೋಶಗಳು ತಮ್ಮೊಳಗೆ ವೈರಸ್ ಬೆಳೆಯದಂತೆ ಮುಂಚಿತವಾಗಿಯೇ ಸಜ್ಜಾಗುತ್ತವೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದ್ದು ಫ್ಲೂ ವೈರಸ್‌ನ ಮೇಲೆ ಪ್ರಯೋಗ ನಡೆಸುತ್ತಿದ್ದಾಗ. ಇದರ ಜೊತೆಯಲ್ಲೇ ಬ್ರಾಡಿಕೈನಿನ್, ಪ್ರೋಸ್ಟಗ್ಲಾಂಡಿನ್ ಮೊದಲಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಅವುಗಳಿಂದ ರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಗೋಡೆಯಿಂದ ನೀರಿನಂಶ ಒಸರುತ್ತದೆ, ನರಗಳು ಕೆರಳುತ್ತವೆ. ಮೂಗು ಸೋರುವುದು, ಸೀನು ಬರುವುದು, ಗಂಟಲು ಕೆರೆಯುವುದು, ಎಲ್ಲವೂ ಇದರ ಫಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರೈನೋವೈರಸ್ ಮೂಗಿನ ಒಳಪದರಕ್ಕೆ ಮಾಡುವ ನೇರ ಹಾನಿ ಬಹಳ ಕಡಿಮೆ. ನಾವು ನೆಗಡಿಯೆಂದು ಕರೆದು ಬೈದುಕೊಳ್ಳುವ ಕಷ್ಟದ ಬಹುಪಾಲು ನಮ್ಮ ದೇಹವೇ ಹೂಡಿದ ಪ್ರತಿರೋಧದ್ದು. ಮುಂದಿನ ಬಹುತೇಕ ಉತ್ತರಗಳು ಈ ಒಂದು ಮಾತಿನಿಂದಲೇ ಹೊರಡುತ್ತವೆ.

ಎರಡನೆಯ, ಮೂರನೆಯ ದಿನಕ್ಕೆ ಬಾಧೆ ಏರಿ ನಿಂತಿರುತ್ತದೆ. ಅಷ್ಟರಲ್ಲಿ ಆ ನಿರ್ದಿಷ್ಟ ವೈರಸ್ಸನ್ನೇ ಗುರುತಿಸುವ ಬಿಳಿ ರಕ್ತಕಣಗಳು ಸಂಖ್ಯೆಯಲ್ಲಿ ಬೆಳೆದು, ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲತೊಡಗುತ್ತವೆ. ಪ್ರತಿಕಾಯಗಳು ಸಾಕಷ್ಟು ಪ್ರಮಾಣದಲ್ಲಿ ತಯಾರಾಗುವುದಕ್ಕೆ ಒಂದು ವಾರ, ಹತ್ತು ದಿನ ಬೇಕು. ಬಾಧೆ ತಾನಾಗಿ ಇಳಿಯತೊಡಗುವ ನಾಲ್ಕನೆಯ ದಿನಕ್ಕೆ ಸರಿಯಾಗಿ ನಾವು ಬೇಸತ್ತು ಏನಾದರೊಂದನ್ನು ಸೇವಿಸಿರುತ್ತೇವೆ. ಕೀರ್ತಿಯೆಲ್ಲ ಅದಕ್ಕೆ ಸಲ್ಲುತ್ತದೆ.

ಪ್ರಶ್ನೆ: ಜ್ವರ ಒಳ್ಳೆಯದು, ಅದನ್ನು ಇಳಿಸಬಾರದು ಎಂದು ಕೆಲವರು, ಕೂಡಲೇ ಮಾತ್ರೆ ನುಂಗಬೇಕು ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ? ಮೈ ಸುಡುತ್ತಿರುವಾಗ ಚಳಿ ಏಕೆ ಆಗುತ್ತದೆ?

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ದೇಹದ ಉಷ್ಣತೆಯನ್ನು ನಿರ್ಧರಿಸುವುದು ಮಿದುಳಿನ ಹೈಪೊಥಲಾಮಸ್ ಎಂಬ ಭಾಗ. ಸೋಂಕಿನ ಸುದ್ದಿ ಹೊತ್ತ ರಾಸಾಯನಿಕಗಳು ಬಂದಾಗ ಅಲ್ಲಿ ಪ್ರೋಸ್ಟಗ್ಲಾಂಡಿನ್ ಉತ್ಪತ್ತಿಯಾಗಿ, ದೇಹ ಇರಬೇಕಾದ ಉಷ್ಣತೆಯ ಮಟ್ಟವನ್ನು 37ರಿಂದ 39ಕ್ಕೆ ಏರಿಸಿತೆಂದು ಇಟ್ಟುಕೊಳ್ಳಿ. ಆ ಹೊತ್ತಿಗೆ ದೇಹವಿನ್ನೂ 37.5ರಲ್ಲಿದ್ದರೆ, ಮಿದುಳಿನ ಲೆಕ್ಕದಲ್ಲಿ ಅದು ತಣ್ಣಗಿದೆ. ಆದ್ದರಿಂದ ಚರ್ಮದ ರಕ್ತನಾಳಗಳು ಕುಗ್ಗಿ ಕೈಕಾಲು ತಣ್ಣಗಾಗುತ್ತವೆ, ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ, ಹಲ್ಲು ಕಟಕಟ ಎನ್ನುತ್ತದೆ, ಎರಡು ಕಂಬಳಿ ಸಾಲುವುದಿಲ್ಲ. ಮಟ್ಟ ಮರಳಿ 37ಕ್ಕೆ ಇಳಿದಾಗ ಅದೇ ಕಂಬಳಿ ಅಸಹನೀಯವಾಗುತ್ತದೆ. ಬೆವರು ಹರಿದು ದಿಂಬು ಒದ್ದೆಯಾಗುತ್ತದೆ.

ಏರಿದ ಉಷ್ಣತೆಯಲ್ಲಿ ಹಲವು ವೈರಸ್‌ಗಳ ಬೆಳವಣಿಗೆ ಕುಂಠಿತವಾಗುತ್ತದೆ, ರಕ್ಷಣೆಗೆ ನಿಂತ ಕೋಶಗಳು ಚುರುಕಾಗುತ್ತವೆ. ಆದ್ದರಿಂದ ಆರೋಗ್ಯವಂತ ವಯಸ್ಕರಿಗೆ 38, 39 ಡಿಗ್ರಿಯ ಜ್ವರ ಬಂದಾಗ, ಥರ್ಮಾಮೀಟರ್‌ನ ಅಂಕಿಯನ್ನು ಇಳಿಸುವುದಕ್ಕೆಂದೇ ಮಾತ್ರೆ ನುಂಗಬೇಕಾದ ಅಗತ್ಯವಿಲ್ಲ. ತಲೆನೋವು, ಮೈಕೈ ನೋವಿನಿಂದ ನಿದ್ರೆ ಬಾರದೆ, ನೀರೂ ಸೇರದೆ ಇರುವಾಗ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ತಪ್ಪೂ ಇಲ್ಲ. ಅದು ಕಾಯಿಲೆಯ ದಿನಗಳನ್ನು ಕಡಿಮೆ ಮಾಡುವುದಿಲ್ಲ, ಆ ದಿನಗಳನ್ನು ಕಳೆಯುವುದನ್ನು ಸುಲಭ ಮಾಡುತ್ತದೆ. ಆರೋಗ್ಯವಂತ ವಯಸ್ಕರು 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರಬಾರದು. ಯಕೃತ್ತಿನ ತೊಂದರೆ ಇರುವವರಿಗೂ ತೂಕ ಕಡಿಮೆ ಇರುವವರಿಗೂ ಈ ಮಿತಿ ಇನ್ನೂ ಕೆಳಗಿನದು. ನೆಗಡಿಗೆಂದು ಸಿಗುವ ಅನೇಕ ಮಿಶ್ರ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಇರುತ್ತದೆ. ಅದೊಂದು, ಜ್ವರದ ಮಾತ್ರೆಯೊಂದು ಎಂದು ಎರಡನ್ನೂ ನುಂಗುವವರು ತಮಗೆ ತಿಳಿಯದೆಯೇ ಎರಡು ಪಟ್ಟು ಸೇವಿಸಿರುತ್ತಾರೆ. ಮಕ್ಕಳಿಗೂ ಹದಿಹರೆಯದವರಿಗೂ ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು. ಮಿದುಳಿಗೂ ಯಕೃತ್ತಿಗೂ ಹಾನಿ ಮಾಡುವ ರೇಯ್ಸ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಗೆ ಅದರೊಂದಿಗೆ ನಂಟಿದೆ. ಮೂರು ತಿಂಗಳು ತುಂಬದ ಶಿಶುವಿಗೆ 38 ಡಿಗ್ರಿ ಜ್ವರ ಬಂದರೆ ಈ ಚರ್ಚೆಯೇ ಬೇಡ, ನೇರವಾಗಿ ವೈದ್ಯರ ಬಳಿಗೆ ಹೋಗಿ.

ಪ್ರಶ್ನೆ: ಸಿಂಬಳ ಹಸಿರಾದರೆ ಸೋಂಕು ಬಲಿತಿದೆ, ಆಂಟಿಬಯಾಟಿಕ್ ಬೇಕು ಎನ್ನುವುದು ನಿಜವೇ?

ಉತ್ತರ: ನಿಜವಲ್ಲ. ಕರವಸ್ತ್ರವನ್ನು ದಿನವೂ ಗಮನಿಸಿದ್ದರೆ ನಿಮಗೇ ತಿಳಿದಿರುತ್ತದೆ: ಮೊದಲ ದಿನ ನೀರಿನಂತೆ ತಿಳಿಯಾಗಿರುವ ಸಿಂಬಳ ಮೂರು, ನಾಲ್ಕನೆಯ ದಿನಕ್ಕೆ ಗಟ್ಟಿಯಾಗಿ ಹಳದಿಗೆ ತಿರುಗುತ್ತದೆ, ಬೆಳಿಗ್ಗೆ ಎದ್ದಾಗ ಹಸಿರಾಗಿರುತ್ತದೆ, ಮಧ್ಯಾಹ್ನಕ್ಕೆ ಮತ್ತೆ ತೆಳ್ಳಗಾಗುತ್ತದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳಲ್ಲಿ ಕಬ್ಬಿಣದ ಅಂಶವುಳ್ಳ ಒಂದು ಕಿಣ್ವವಿದೆ. ಅದರ ಬಣ್ಣವೇ ಹಸಿರು. ರಾತ್ರಿಯಿಡೀ ನಿಂತ ಲೋಳೆಯಲ್ಲಿ ಅಂತಹ ಕಣಗಳು ಹೆಚ್ಚಾಗಿ ಸೇರಿರುತ್ತವೆ, ಅಷ್ಟೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ವೈರಸ್ಸಿಗೆ ಅದು ಏನನ್ನೂ ಮಾಡದು. ಹತ್ತು ದಿನವಾದರೂ ಇಳಿಮುಖವಾಗದ ನೆಗಡಿ, ಅಥವಾ ವಾಸಿಯಾಗುತ್ತ ಬಂದು ಮತ್ತೆ ಜ್ವರ, ಮುಖದ ನೋವಿನೊಡನೆ ಮರುಕಳಿಸಿದ ನೆಗಡಿಯಾದರೆ ವೈದ್ಯರಿಗೆ ತೋರಿಸಬೇಕು. ಅಂಥಲ್ಲಿ ಬಣ್ಣಕ್ಕಿಂತ ದಿನಗಳ ಲೆಕ್ಕ ಹೆಚ್ಚು ಹೇಳುತ್ತದೆ.

ಪ್ರಶ್ನೆ: ಹಗಲು ಹೇಗೋ ಕಳೆಯುತ್ತದೆ, ಮಲಗಿದೊಡನೆ ಮೂಗು ಕಟ್ಟುತ್ತದೆ. ಎಷ್ಟು ಸೀಟಿದರೂ ಏನೂ ಬರುವುದಿಲ್ಲ. ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇಯನ್ನು ಎಷ್ಟು ದಿನ ಬಳಸಬಹುದು?

ಉತ್ತರ: ಸೀಟಿದರೂ ಏನೂ ಬಾರದಿರುವುದಕ್ಕೆ ಕಾರಣ, ಅಲ್ಲಿ ಕಟ್ಟಿಕೊಂಡಿರುವುದು ಬಹುಮಟ್ಟಿಗೆ ಸಿಂಬಳವಲ್ಲ. ಮೂಗಿನ ಪಕ್ಕದ ಗೋಡೆಗಳಿಂದ ಚಾಚಿಕೊಂಡ ಮೆತ್ತನೆಯ ಮಡಿಕೆಗಳಿವೆ. ಅವುಗಳ ರಕ್ತನಾಳಗಳು ತುಂಬಿಕೊಂಡು ಊದಿದಾಗ ದಾರಿ ಮುಚ್ಚುತ್ತದೆ. ಮಲಗಿದಾಗ ತಲೆಯ ಭಾಗದಲ್ಲಿ ರಕ್ತ ಹೆಚ್ಚು ನಿಲ್ಲುವುದರಿಂದ ಊತವೂ ಹೆಚ್ಚು. ಒಂದು ಪಕ್ಕಕ್ಕೆ ಮಲಗಿ ನೋಡಿ: ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಹೊಳ್ಳೆ ಕಟ್ಟಿ ಮೇಲಿನದು ಬಿಡುತ್ತದೆ, ಮಗ್ಗುಲು ಬದಲಿಸಿದರೆ ಮೆಲ್ಲನೆ ಅದಲುಬದಲಾಗುತ್ತದೆ. ತಲೆಯನ್ನು ಒಂದು ದಿಂಬಿನಷ್ಟು ಎತ್ತರಿಸಿಕೊಳ್ಳುವುದು, ಕುದಿಸಿ ಆರಿಸಿದ ನೀರಿನಿಂದ ತಯಾರಿಸಿದ ಉಪ್ಪುನೀರಿನಲ್ಲಿ ಮೂಗನ್ನು ತೊಳೆಯುವುದು ಸುರಕ್ಷಿತ ಉಪಾಯಗಳು. ಎರಡೂ ಹೊಳ್ಳೆ ಅದುಮಿ ಜೋರಾಗಿ ಸೀಟಬೇಡಿ.

ಸ್ಪ್ರೇ ಆ ರಕ್ತನಾಳಗಳನ್ನು ಕುಗ್ಗಿಸುವುದರಿಂದ ನಿಮಿಷಗಳಲ್ಲಿ ಉಸಿರು ಸರಾಗವಾಗುತ್ತದೆ. ಆದರೆ ಮೂರು, ಹೆಚ್ಚೆಂದರೆ ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಔಷಧದ ಪ್ರಭಾವ ಇಳಿದೊಡನೆ ಅವು ಮೊದಲಿಗಿಂತಲೂ ಹೆಚ್ಚು ಊದಿಕೊಳ್ಳುತ್ತವೆ. ವಿದ್ಯಾರ್ಥಿಯಾಗಿದ್ದಾಗ ನಾನೇ ಪರೀಕ್ಷೆಯ ದಿನಗಳಲ್ಲಿ ಮೂರು ವಾರ ಆ ಬಾಟಲಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೇನೆ. ನೆಗಡಿ ಎಂದೋ ಹೋಗಿತ್ತು. ಕಟ್ಟಿದ ಮೂಗು ಸ್ಪ್ರೇಯದ್ದಾಗಿತ್ತು.

ಪ್ರಶ್ನೆ: ನನಗೆ ಬಂದಿರುವುದು ನೆಗಡಿಯೋ ಫ್ಲೂವೋ ಎಂದು ಮನೆಯಲ್ಲಿಯೇ ತಿಳಿಯುವುದು ಹೇಗೆ?

ಉತ್ತರ: ಖಚಿತವಾಗಿ ತಿಳಿಯುವುದು ಪರೀಕ್ಷೆಯಿಂದ ಮಾತ್ರ, ಕೋವಿಡ್ ಕೂಡ ಇದೇ ವೇಷದಲ್ಲಿ ಬರಬಹುದು. ಆದರೂ ಆರಂಭವೇ ಒಂದು ಸುಳಿವು ಕೊಡುತ್ತದೆ. ನೆಗಡಿ ಗಂಟಲ ಕೆರೆತದಿಂದ ಮೆಲ್ಲನೆ ಹತ್ತುತ್ತದೆ. ಫ್ಲೂ ಹಿಡಿದವರು ಅದು ಶುರುವಾದ ಗಂಟೆಯನ್ನೇ ಹೇಳಬಲ್ಲರು: ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಜ್ವರ, ತಲೆನೋವು, ಮೈಕೈ ನೋವಿನಿಂದ ಎದ್ದು ನಿಲ್ಲಲಾರದಂತಾಗುತ್ತಾರೆ. ಜ್ವರ ಮೂರು, ನಾಲ್ಕು ದಿನಗಳಲ್ಲಿ ಇಳಿದರೂ ಸುಸ್ತು, ಕೆಮ್ಮು ಎರಡು ವಾರ ಉಳಿಯಬಹುದು. ಫ್ಲೂ ವೈರಸ್ ಶ್ವಾಸನಾಳದ ರೋಮಕೋಶಗಳನ್ನು ನಿಜವಾಗಿಯೇ ಕೊಲ್ಲುತ್ತದೆ. ಅವು ಮತ್ತೆ ಬೆಳೆಯುವವರೆಗೆ ಕಫವನ್ನು ಮೇಲಕ್ಕೆ ತರಲು ಕೆಮ್ಮೊಂದೇ ದಾರಿ. ಜ್ವರವಿರುವಾಗ ವ್ಯಾಯಾಮ ಬೇಡ. ಮಾತ್ರೆಯ ನೆರವಿಲ್ಲದೆ ಜ್ವರ ಬಿಟ್ಟು 24 ಗಂಟೆಯಾಗುವವರೆಗೆ ಮನೆಯಲ್ಲೇ ಇರುವುದು ನಿಮಗೂ ಒಳ್ಳೆಯದು, ಸಹೋದ್ಯೋಗಿಗಳಿಗೂ ಒಳ್ಳೆಯದು.

ಪ್ರಶ್ನೆ: ವಿಟಮಿನ್ ಸಿ, ಆವಿ, ಜೇನು, ವಿಶ್ರಾಂತಿ, ಇವುಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಯಾವುದು?

ಉತ್ತರ: ವಿಟಮಿನ್ ಸಿ ಮಾತ್ರೆಯನ್ನು ದಿನವೂ ತಪ್ಪದೆ ಸೇವಿಸಿದ ವಯಸ್ಕರಲ್ಲಿ ನೆಗಡಿಯ ಅವಧಿ ಶೇಕಡಾ 8ರಷ್ಟು ಕಡಿಮೆಯಾಗಿದ್ದು ಅಧ್ಯಯನಗಳ ಒಟ್ಟು ವಿಮರ್ಶೆಯಲ್ಲಿ ಕಂಡುಬಂದಿದೆ. ಏಳು ದಿನದ ನೆಗಡಿಯಲ್ಲಿ ಅದು ಅರ್ಧ ದಿನಕ್ಕೆ ಸಮ. ನೆಗಡಿ ಶುರುವಾದ ಮೇಲೆ ಸೇವಿಸಿದವರಲ್ಲಿ ಸ್ಥಿರವಾದ ಲಾಭ ಕಾಣಲಿಲ್ಲ. ಆವಿಯಿಂದ ಹಾಯೆನಿಸಬಹುದು, ರೋಗ ಬೇಗ ಹೋಗುವುದಿಲ್ಲ. ಕುದಿನೀರಿನ ಪಾತ್ರೆ ಮಗುಚಿ ಸುಟ್ಟುಕೊಂಡ ಮಕ್ಕಳನ್ನು ನೋಡಿರುವ ನಾನಂತೂ ಮಕ್ಕಳಿಗೆ ಅದನ್ನು ಸೂಚಿಸುವುದಿಲ್ಲ. ಮಲಗುವ ಮುನ್ನ ಒಂದು ಚಮಚ ಜೇನು ಮಕ್ಕಳ ರಾತ್ರಿಯ ಕೆಮ್ಮನ್ನು ತುಸು ತಗ್ಗಿಸುತ್ತದೆ, ಆದರೆ ಬಾಟುಲಿಸಂ ಎಂಬ ವಿಷಬಾಧೆಯ ಅಪಾಯ ಇರುವುದರಿಂದ ಒಂದು ವರ್ಷ ತುಂಬದ ಮಗುವಿಗೆ ಜೇನು ಕೂಡದು.

ನಿದ್ರೆಯ ವಿಷಯ ಬೇರೆ. ಸ್ವಯಂಸೇವಕರ ನಿದ್ರೆಯನ್ನು ಒಂದು ವಾರ ದಾಖಲಿಸಿ, ಅನಂತರ ಅವರ ಮೂಗಿಗೆ ರೈನೋವೈರಸ್ ಹನಿಗಳನ್ನು ಹಾಕಿ ನೋಡಿದ ಪ್ರಯೋಗವೊಂದು 2015ರಲ್ಲಿ ಪ್ರಕಟವಾಯಿತು. ಏಳು ಗಂಟೆಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ನೆಗಡಿಯಾಗುವ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚಾಗಿತ್ತು. ಸೋಂಕಿನ ದಿನಗಳಲ್ಲಿ ಬರುವ ತೂಕಡಿಕೆ, ಹಸಿವಿಲ್ಲದಿರುವಿಕೆ, ಯಾರೊಡನೆಯೂ ಮಾತು ಬೇಡವೆನಿಸುವ ಮನಸ್ಸು ಕೂಡ ರೋಗನಿರೋಧಕ ವ್ಯವಸ್ಥೆ ಮಿದುಳಿಗೆ ಕಳುಹಿಸಿದ ಸಂದೇಶಗಳಿಂದಲೇ ಆದವು. ಅವುಗಳ ಮಾತು ಕೇಳಿ. ಹಸಿವಾದಾಗ ಉಣ್ಣಿ, ನೀರನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ಚಳಿಗೆ ಮೈಯೊಡ್ಡಿದರೆ, ಒದ್ದೆ ಬಟ್ಟೆಯಲ್ಲಿದ್ದರೆ ನೆಗಡಿಯಾಗುತ್ತದೆಯೇ? ಒಮ್ಮೆ ಬಂದ ನೆಗಡಿ ಮತ್ತೆ ಮತ್ತೆ ಏಕೆ ಬರುತ್ತದೆ?

ಉತ್ತರ: ವೈರಸ್ ಇಲ್ಲದೆ ಬರಿಯ ಚಳಿಯಿಂದ ನೆಗಡಿ ಬರುವುದಿಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಲ್ಲಿ ಶುರುವಾದ ನೆಗಡಿ ಸಂಶೋಧನಾ ಘಟಕದಲ್ಲಿ ಸ್ವಯಂಸೇವಕರನ್ನು ಸ್ನಾನದ ಬಳಿಕ ಒದ್ದೆ ಮೈಯಲ್ಲೇ ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿ, ಒದ್ದೆ ಕಾಲುಚೀಲ ತೊಡಿಸಿಯೂ ನೋಡಿದರು. ಪಾಪ, ಅವರು ನಡುಗಿದರೇ ಹೊರತು ಅದರಿಂದ ನೆಗಡಿ ಬರಲಿಲ್ಲ. ಮತ್ತೆ ಮತ್ತೆ ಬರುವುದಕ್ಕೆ ಕಾರಣ ಸರಳ: ರೈನೋವೈರಸ್‌ನಲ್ಲೇ ಸುಮಾರು 160 ಬಗೆಗಳಿವೆ, ಒಂದಕ್ಕೆ ಸಿದ್ಧವಾದ ಪ್ರತಿಕಾಯ ಇನ್ನೊಂದಕ್ಕೆ ಸಾಲದು. ವಯಸ್ಕರಿಗೆ ವರ್ಷಕ್ಕೆ ಎರಡು, ಮೂರು ಬಾರಿ, ಚಿಕ್ಕ ಮಕ್ಕಳಿಗೆ ಆರು, ಎಂಟು ಬಾರಿ ಬಂದರೆ ನಿರೋಧಕ ಶಕ್ತಿ ಕುಂದಿದೆ ಎಂದು ಅರ್ಥವಲ್ಲ. ಫ್ಲೂ ವೈರಸ್ ತನ್ನ ಹೊರಮೈಯನ್ನು ಬದಲಿಸುತ್ತಲೇ ಇರುತ್ತದೆ. ಆದುದರಿಂದಲೇ ಅದರ ಲಸಿಕೆಯನ್ನು ವರ್ಷವರ್ಷವೂ ಹೊಸದಾಗಿ ತೆಗೆದುಕೊಳ್ಳಬೇಕು.

ಪ್ರಶ್ನೆ: ನಮ್ಮ ತಂದೆಯವರಿಗೆ 72 ವರ್ಷ, ಮಧುಮೇಹವಿದೆ. ಫ್ಲೂ ಬಂದು ಐದನೆಯ ದಿನಕ್ಕೆ ಜ್ವರ ಬಿಟ್ಟಿತ್ತು. ಈಗ ಮತ್ತೆ ಬಂದಿದೆ, ಏದುಸಿರು ಬಿಡುತ್ತಿದ್ದಾರೆ. ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಟ್ಟ ಜ್ವರ ಮರಳಿ ಬರುವುದು, ಅದರೊಡನೆ ಉಸಿರಾಟದ ತೊಂದರೆ ಕಾಣಿಸಿಕೊಳ್ಳುವುದು, ಫ್ಲೂ ಹಾಳುಗೆಡವಿದ ಶ್ವಾಸನಾಳದ ಮೂಲಕ ಬ್ಯಾಕ್ಟೀರಿಯಾಗಳು ಇಳಿದು ನ್ಯುಮೋನಿಯಾ ಆಗಿರುವುದರ ಲಕ್ಷಣವಿರಬಹುದು. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರಲ್ಲಿ ಬಹುಪಾಲು ಮಂದಿಯನ್ನು ಕೊನೆಗೆ ಕೊಂದದ್ದು ಇದೇ. ಇಲ್ಲಿ ಆಂಟಿಬಯಾಟಿಕ್ ಜೀವ ಉಳಿಸುತ್ತದೆ. ಎದೆನೋವು, ತುಟಿ ನೀಲಿಗಟ್ಟುವುದು, ಮಾತು ತಡವರಿಸಿ ಗೊಂದಲವಾಗುವುದು, ಮೂತ್ರ ತೀರಾ ಕಡಿಮೆಯಾಗುವುದು ಕೂಡ ತುರ್ತಿನ ಸೂಚನೆಗಳು. 65 ದಾಟಿದವರು, ಗರ್ಭಿಣಿಯರು, ಚಿಕ್ಕ ಮಕ್ಕಳು, ಮಧುಮೇಹ, ಹೃದ್ರೋಗ, ಆಸ್ತಮಾ ಇರುವವರು ಫ್ಲೂವಿನ ಅನುಮಾನ ಬಂದ ಮೊದಲ ಎರಡು ದಿನಗಳಲ್ಲೇ ವೈದ್ಯರನ್ನು ಕಾಣಬೇಕು, ಏಕೆಂದರೆ ಒಸೆಲ್ಟಾಮಿವಿರ್‌ನಂತಹ ವೈರಸ್ ನಿರೋಧಕ ಔಷಧದ ಪ್ರಯೋಜನ 48 ಗಂಟೆಯೊಳಗೆ ಆರಂಭಿಸಿದಾಗ ಹೆಚ್ಚು.

ನಿಮ್ಮ ಪತ್ರದ ಕೊನೆಯಲ್ಲಿ ದೂರವಾಣಿ ಸಂಖ್ಯೆ ಇದ್ದುದರಿಂದ ಈ ಉತ್ತರವನ್ನು ಅಂದೇ ಬಾಯಿಮಾತಿನಲ್ಲಿ ತಿಳಿಸಿದೆ. ಇಂತಹ ಪ್ರಶ್ನೆಯನ್ನು ಪತ್ರಿಕೆಗೆ ಬರೆದು ಮುಂದಿನ ಸಂಚಿಕೆಗೆ ಕಾಯಬೇಡಿ ಎಂದು ಉಳಿದ ಓದುಗರಲ್ಲಿಯೂ ಕೇಳಿಕೊಳ್ಳುತ್ತೇನೆ.