ಆರನೇ ಪ್ಯಾರಾದಿಂದ ಶುರು ಮಾಡಿ

ನಮಸ್ಕಾರ. 16–17ನೇ ಶತಮಾನದ ಇಂಗ್ಲೆಂಡಿನ ಹೆಂಗಸರ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲರ್ಧ ಪೂರ್ತಿ ಎಲಿಜಬೆತ್ ರಾಣಿಗೇ ಹೋಗಿದೆ. 1558ರಿಂದ 1603ರವರೆಗೆ ಆಳಿದವಳು, ನಿಜ. ಆದರೆ ಅವಳನ್ನು ನೋಡಿ ಹಳ್ಳಿಯ ಹೆಂಗಸಿನ ಬದುಕು ತಿಳಿಯುವುದಿಲ್ಲ. ಆ ಭಾಗ ತೆಗೆಯಿರಿ.

'ಹುಡುಗಿಯರಿಗೆ ಎಳೆ ವಯಸ್ಸಿನಲ್ಲೇ ಮದುವೆ' ಎಂದಿದ್ದೀರಿ. ನಮ್ಮ ಅಜ್ಜಿಯರ ಕಾಲದ ಮಾತು ಅಲ್ಲಿಗೆ ಹೋಗಿ ಕೂತಿದೆ ಅನ್ನಿಸುತ್ತದೆ. ಸಿರಿವಂತರ ಮನೆಗಳನ್ನು ಬಿಟ್ಟರೆ, ಅಲ್ಲಿ ಹೆಂಗಸರ ಮದುವೆ ಸಾಮಾನ್ಯವಾಗಿ 25–26ರ ಹೊತ್ತಿಗೆ. ಅಲ್ಲಿಯವರೆಗೆ ಎಷ್ಟೋ ಜನ ಬೇರೆಯವರ ಮನೆಯಲ್ಲಿ ವರ್ಷದ ಲೆಕ್ಕಕ್ಕೆ ಕೆಲಸಕ್ಕಿದ್ದರು. ಹಾಲು ಕರೆದು, ಬೆಣ್ಣೆ ಕಡೆದು, ನಾಲ್ಕು ಕಾಸು ಕೂಡಿಡುತ್ತಿದ್ದರು. 'ಸ್ಪಿನ್‌ಸ್ಟರ್' ಅಂದರೆ ಮೊದಲು ನೂಲುವವಳು. 17ನೇ ಶತಮಾನದ ಕಾಗದಪತ್ರಗಳಲ್ಲಿ ಅದೇ ಮಾತಿಗೆ ಮದುವೆಯಾಗದವಳು ಎಂಬ ಅರ್ಥ ಬಂತು.

'ಹೆಂಗಸರಿಗೆ ಆಸ್ತಿಯೇ ಇರಲಿಲ್ಲ' ಎಂಬುದು ಅರ್ಧ ಸತ್ಯ. ಮದುವೆಯಾದ ಕೂಡಲೇ ಅವಳ ದುಡ್ಡು, ಪಾತ್ರೆಪಗಡ, ದನಕರು ಎಲ್ಲ ಗಂಡನದಾಗುತ್ತಿತ್ತು. ಅವನ ಒಪ್ಪಿಗೆಯಿಲ್ಲದೆ ಉಯಿಲೂ ಬರೆಯುವಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅದೇ ಹೆಂಗಸು ತನ್ನ ಹೆಸರಲ್ಲಿ ವ್ಯವಹಾರ ಮಾಡಬಹುದಿತ್ತು. ಅಚ್ಚುಮನೆ ನಡೆಸಿದ ವಿಧವೆಯರೂ ಇದ್ದರು. ಇವರನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಬೇಡಿ.

ಈಗ ಆರನೇ ಪ್ಯಾರಾ. 'ಹೆಂಗಸರು ಏಲ್ ಮಾಡಿ ಮಾರುತ್ತಿದ್ದರು' ಎಂದು ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಯ್ಯೋ, ಅಲ್ಲಿ ನಿಲ್ಲಿ! ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಮಾಡಿದ ಈ ಹೆಂಡ ಕೆಲವೇ ದಿನಕ್ಕೆ ಹುಳಿ ಬರುತ್ತಿತ್ತು. ಹಾಗಾಗಿ ಮತ್ತೆ ಮತ್ತೆ ಮಾಡಬೇಕು, ಮನೆಗೆ ಮಿಕ್ಕಿದ್ದನ್ನು ಬೇಗ ಮಾರಬೇಕು. ಬಾಗಿಲ ಮೇಲೆ ಒಂದು ಕೋಲು ಚಾಚಿಟ್ಟರೆ ಸಾಕು, ಇಲ್ಲಿ ಏಲ್ ಸಿಗುತ್ತದೆ ಎಂದು ಊರಿಗೆ ಗೊತ್ತಾಗುತ್ತಿತ್ತು. ಆಮೇಲೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿದ ಬಿಯರ್ ಬಂತು. ಜಾಸ್ತಿ ದಿನ ಕೆಡುವುದಿಲ್ಲ, ದೂರ ಸಾಗಿಸಬಹುದು. ಆದರೆ ದೊಡ್ಡ ಹಂಡೆ, ಪೀಪಾಯಿ, ಬಂಡವಾಳ ಬೇಕು. ತನ್ನ ಹೆಸರಲ್ಲಿ ಕರಾರು ಮಾಡಿಕೊಳ್ಳಲಾಗದ ಹೆಂಡತಿ ಅದನ್ನೆಲ್ಲ ಎಲ್ಲಿಂದ ತರಬೇಕು? 1600ರ ಹೊತ್ತಿಗೆ ಎಷ್ಟೋ ಊರುಗಳಲ್ಲಿ ಈ ಕಸುಬು ಗಂಡಸರ ಕೈಗೆ ಹೋಗಿತ್ತು.

ನೀವು ಮೂರು ಪುಟ ಸುಮ್ನೆ ವಿವರಿಸಿದ ಕಾನೂನು ಈ ಒಂದು ಹಂಡೆಯ ಮುಂದೆ ಕಣ್ಣಿಗೆ ಕಾಣುತ್ತದೆ, ಅಲ್ವಾ? ಅಲ್ಲಿಂದಲೇ ಶುರು ಮಾಡಿ. 900 ಪದ ಸಾಕು. ಮುಂದಿನ ತಿಂಗಳ 10ರೊಳಗೆ ಕಳಿಸಿ, ಬಂದ ದಿನವೇ ಓದುತ್ತೇನೆ.